ಒಂದನೇ ತಾರೀಕಿಗೂ ಮುಂಚೆ

೨೦ ಮಾರ್ಚ್

ಶೋರೂಮಿನಲ್ಲಿ ಗಾಡಿ ಒಪ್ಪಿಸುವ ಕೆಲಸದಲ್ಲಿದ್ದವರಿಗೆ,

ನಮಸ್ಕಾರ. ನಾನು ಡ್ರೈವಿಂಗ್ ಸ್ಕೂಲಿನ ಬ್ರೇಕ್ ಮೇಷ್ಟ್ರ ಹೆಂಡತಿ. ನಿಮ್ಮ ವಿಳಾಸವನ್ನು ಶೋರೂಮಿನ ಗೇಟಿನಲ್ಲಿ ಕೂರುವ ತಾತ ಕೊಟ್ಟರು. ಫೋನ್ ನಂಬರನ್ನೂ ಕೊಟ್ಟಿದ್ದರು. ಫೋನಿನಲ್ಲಿ ಮಾತಾಡಿದರೆ ಹೇಳಬೇಕಾದ್ದೆಲ್ಲ ಮರೆತುಹೋಗುತ್ತದೆ, ಬರೆದರೆ ಹಾಗಾಗುವುದಿಲ್ಲ. ಅದಕ್ಕೇ ಈ ಕಾಗದ. ನಾನು ಓದಿರುವುದು ಏಳನೇ ಕ್ಲಾಸಿನವರೆಗೆ. ದಿನಾ ಸಂಜೆ ಡೈರಿಯಲ್ಲಿ ನಾಲ್ಕು ಸಾಲು ಬರೆಯುವ ಅಭ್ಯಾಸ ಇದೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮ ಯಜಮಾನರು ಫೆಬ್ರವರಿ ಕೊನೆಯಲ್ಲಿ ತೀರಿಕೊಂಡರು. ಗಾಡಿಯ ನಂಬರು ಜಾರಿಯಾಗುವ ಒಂದನೇ ತಾರೀಕಿಗೆ ಇನ್ನೂ ಮೂರು ದಿನ ಇತ್ತು. ಅವರು ಮೂವತ್ತು ವರ್ಷ ಪಕ್ಕದ ಸೀಟಿನಲ್ಲೇ ಕೂತು, ಕಾಲಡಿಯಲ್ಲಿ ಇನ್ನೊಂದು ಬ್ರೇಕ್ ಇಟ್ಟುಕೊಂಡು, ಊರಿಗೆಲ್ಲ ಗಾಡಿ ಓಡಿಸುವುದನ್ನು ಕಲಿಸಿದ ಮನುಷ್ಯ. ಸ್ವಂತಕ್ಕೆ ಅಂತ ಹೊಸ ಗಾಡಿ ಕೊಂಡದ್ದು ಇದೇ ಮೊದಲು. ಮಾರ್ಚಿನಿಂದ ಶುರುವಾಗುವ ಹೊಸ ಸರಣಿಯ ನಂಬರೇ ಬೇಕು ಎಂದು ಹಟ ಹಿಡಿದು ಕಾದರು. ಗಾಡಿ ಬಂದು ನಿಮ್ಮ ಅಂಗಳದಲ್ಲಿ ನಿಂತಿತ್ತು, ಇವರು ದಿನಾ ಹೋಗಿ ಬೇಲಿಯಾಚೆಯಿಂದ ನೋಡಿಕೊಂಡು ಬರುತ್ತಿದ್ದರು. ಅದು ನಿಮಗೂ ಗೊತ್ತು.

ಮೊನ್ನೆ ಮಗಳ ಜೊತೆ ಗಾಡಿ ತರಲು ಹೋಗಿದ್ದೆ. ನೀವು ಕಾಣಲಿಲ್ಲ. ಎಲ್ಲಿ ಎಂದು ಕೇಳಿದರೆ ಮ್ಯಾನೇಜರು ಕುರ್ಚಿ ಎಳೆದು ಕೂರಿಸಿ ಹೇಳಿದರು.

"ಅಮ್ಮ, ನಿಮ್ಮ ಹತ್ರ ಮುಚ್ಚಿಡಬಾರದು. ತಾರೀಕಿಗೆ ಮುಂಚೆ ಯಾವ ಗಾಡಿನೂ ಗೇಟಿನ ಬಿಳಿ ಗೆರೆ ದಾಟೋ ಹಾಗಿಲ್ಲ. ನಂಬರಿಲ್ಲ, ವಿಮೆ ಇಲ್ಲ, ಕಾನೂನಿನ ಪ್ರಕಾರ ಆ ಗಾಡಿ ಇನ್ನೂ ಹುಟ್ಟೇ ಇಲ್ಲ. ಅಂಥದ್ದನ್ನ ಈ ಮಹಾಶಯ ಒಂದು ಮಧ್ಯಾಹ್ನ ಊರೆಲ್ಲ ಸುತ್ತಿಸಿಕೊಂಡು ಬಂದಿದಾನೆ. ಅದೂ ನಿಮ್ಮ ಗಾಡಿನೇ. ಕೆಲಸದಿಂದ ನಿಲ್ಲಿಸಿದೀನಿ."

ಜೂನ್ ಕೊನೆಗೆ ದೊಡ್ಡ ಆಫೀಸಿನವರು ಬಂದು ನಿಮ್ಮನ್ನು ವಾಪಸ್ ತೆಗೆದುಕೊಳ್ಳುವುದೋ ಬಿಡುವುದೋ ತೀರ್ಮಾನ ಮಾಡುತ್ತಾರಂತೆ. ಗಾಡಿ ನಮ್ಮದಾದ್ದರಿಂದ ನನ್ನ ಮಾತನ್ನೂ ಕೇಳುತ್ತಾರಂತೆ.

ನನಗೆ ಕೋಪ ಬಂದಿದೆ. ಅವರು ಹತ್ತಿ ಕೂರದ ಗಾಡಿಯನ್ನು ನೀವು ಶೋಕಿಗೆ ಓಡಿಸಿದಿರಾ? ಯಾಕೆ? ಇಷ್ಟಕ್ಕೆ ಉತ್ತರ ಬರೆಯಿರಿ. ಆಮೇಲೆ ದೊಡ್ಡ ಆಫೀಸಿನವರಿಗೆ ಏನು ಹೇಳಬೇಕೋ ಹೇಳುತ್ತೇನೆ.

ಇತಿ,
ಬ್ರೇಕ್ ಮೇಷ್ಟ್ರ ಮನೆಯವರು

೨ ಏಪ್ರಿಲ್

ಅಮ್ಮನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಸಿಕ್ಕಿತು. ಗಾಡಿ ಗೆರೆ ದಾಟಿದ್ದು ನಿಜ. ತಪ್ಪು ನನ್ನದೇ. ಯಾಕೆ ಎಂದು ಕೇಳಿದ್ದೀರಿ, ಅದಕ್ಕೆ ಉತ್ತರ ಇಲ್ಲ. ಬುದ್ಧಿ ಕೆಟ್ಟಿತ್ತು ಎಂದುಕೊಳ್ಳಿ.

ಮೇಷ್ಟ್ರು ನನಗೂ ಗುರುಗಳು. ಮೂರು ಸಲ ಟೆಸ್ಟಿನಲ್ಲಿ ಫೇಲಾದವನನ್ನು ಬಿಡದೆ ಕಲಿಸಿದರು. ಕಲಿಯುವಾಗ ಒಂದು ಲೈಟುಕಂಬಕ್ಕೆ ಗುದ್ದಿದ್ದೆ. ಆವತ್ತಿನಿಂದ ಅವರ ಬಾಯಲ್ಲಿ ನನಗೆ ಅದೇ ಹೆಸರು. "ಕಂಬಕ್ಕೆ ಕಂಬಾನೇ ಗುದ್ದಿದ್ರೆ ಯಾರ ಮೇಲೆ ದೂರು ಕೊಡೋಣ?" ಎಂದು ಹತ್ತು ಜನರೆದುರು ನನ್ನ ಎತ್ತರವನ್ನು ಆಡಿಕೊಳ್ಳುತ್ತಿದ್ದರು. ಅವರು ಹೋದ ಸುದ್ದಿ ಗೇಟಿನ ತಾತನಿಂದ ತಿಳಿಯಿತು. ಮಣ್ಣಿಗೆ ಬರಬೇಕಿತ್ತು. ಬಂದು ನಿಮ್ಮ ಮುಖ ನೋಡಲು ಧೈರ್ಯವಾಗಲಿಲ್ಲ.

ಇಲ್ಲಿ ಪರವೂರಿನಲ್ಲಿ ಮನೆಗಳಿಗೆ ನೀರು ಕೊಡುವ ಟ್ಯಾಂಕರ್ ಓಡಿಸುತ್ತಿದ್ದೇನೆ. ಹೆಂಡತಿ ಮಕ್ಕಳು ನಮ್ಮೂರಲ್ಲೇ ಇದ್ದಾರೆ, ತಿಂಗಳಿಗೊಮ್ಮೆ ಹೋಗಿ ಬರುತ್ತೇನೆ. ಚಿಕ್ಕವಳು ಹೋದ ಸಲ ನನ್ನನ್ನು ನೋಡಿ ಅವಳಮ್ಮನ ಹಿಂದೆ ಅವಿತುಕೊಂಡಳು. ಆ ಕೆಲಸ ವಾಪಸ್ ಸಿಕ್ಕಿದರೆ ಸಾಕು ಅಂತ ಆಸೆ ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ನೀವು ನಿಮಗೆ ತೋಚಿದ್ದನ್ನೇ ಹೇಳಿ. ನನ್ನದೇನೂ ತಕರಾರಿಲ್ಲ.

ನಿಮ್ಮ,
ಗಾಡಿ ಒಪ್ಪಿಸುತ್ತಿದ್ದವನು

೧೧ ಏಪ್ರಿಲ್

ತಮ್ಮನಿಗೆ,

ನಿಮ್ಮ ಉತ್ತರ ಓದಿದೆ. ನೀವು ಸುಳ್ಳು ಬರೆದಿದ್ದೀರಿ, ಅಥವಾ ಅರ್ಧ ಬರೆದಿದ್ದೀರಿ. ಹೇಗೆ ಗೊತ್ತಾಯಿತು ಹೇಳುತ್ತೇನೆ.

ಶೋರೂಮಿನಿಂದ ಗಾಡಿ ತೆಗೆಯುವಾಗ ಮಗಳು ಸೀಟಿನಲ್ಲಿ ಕೂರಲು ಹೋಗಿ "ಅಯ್ಯೋ!" ಎಂದಳು. "ಅಮ್ಮ, ಇಲ್ಲಿ ಕೂತಿದ್ದೋರು ಯಾರು? ನನ್ನ ಮಂಡಿ ಸ್ಟೇರಿಂಗಿಗೆ ತಾಗ್ತಿದೆ." ಸೀಟನ್ನು ಹಿಂದಕ್ಕೆ ತಳ್ಳಿಕೊಂಡು, ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಕೊಂಡು ಹೊರಟಳು. ಆಗ ನನಗೂ ಹೊಳೆಯಲಿಲ್ಲ. ನಿಮ್ಮ ಕಾಗದದಲ್ಲಿ ಆ ಲೈಟುಕಂಬದ ಮಾತು ಓದಿದ ಮೇಲೆ ಹೊಳೆಯಿತು. ಮ್ಯಾನೇಜರಿಗೆ ಫೋನ್ ಮಾಡಿ ಕೇಳಿದೆ. ಆವತ್ತಿನಿಂದ ಗಾಡಿಗೆ ಬೀಗ ಹಾಕಿತ್ತಂತೆ, ಒಳಗೆ ಯಾರೂ ಕೂತಿಲ್ಲವಂತೆ.

ಅಷ್ಟು ಎತ್ತರದವರು ಆ ಸೀಟಿನಲ್ಲಿ ಮಂಡಿಯನ್ನು ಎಲ್ಲಿ ಇಟ್ಟುಕೊಂಡಿರಿ? ಸೀಟನ್ನು ಅಷ್ಟು ಮುಂದಕ್ಕೆ ಎಳೆದುಕೊಂಡು ಕೂರುತ್ತಿದ್ದವರು ನನಗೆ ಗೊತ್ತಿರುವ ಮಟ್ಟಿಗೆ ಒಬ್ಬರೇ. "ನಿಮ್ಮಪ್ಪ ಗಾಡಿ ಓಡಿಸೋದಿಲ್ಲ, ತಬ್ಕೊಂಡು ಹೋಗ್ತಾರೆ" ಎಂದು ಮಗಳ ಹತ್ತಿರ ಹೇಳಿ ನಗುತ್ತಿದ್ದೆ.

ಅವರ ತಲೆಯೊಳಗೆ ಗಂಟಾಗಿತ್ತು. ಇದ್ದಕ್ಕಿದ್ದಂತೆ ಕಣ್ಣು ಕತ್ತಲೆ ಕಟ್ಟುತ್ತಿತ್ತು. ಸ್ಟೇರಿಂಗ್ ಮುಟ್ಟಲೇಬಾರದೆಂದು ಡಾಕ್ಟರು ಹೇಳಿದ್ದರು. ಮಗಳು ಮುಂದೆ ನಿಂತು ಮಾತು ತೆಗೆದುಕೊಂಡಿದ್ದಳು. "ಗಾಡಿ ನಾನು ಓಡಿಸ್ತೀನಪ್ಪ, ನೀವು ಪಕ್ಕದಲ್ಲಿ ಕೂತ್ಕೊಳ್ಳಿ" ಎಂದಾಗ ಅವರು, "ಮತ್ತೆ ಪಕ್ಕದ ಸೀಟಾ?" ಎಂದಿದ್ದರು. ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ.

ಮ್ಯಾನೇಜರು ಫೋನಿನಲ್ಲಿ ಹೇಳಿದ ಆ ದಿನದ ಮಧ್ಯಾಹ್ನ ನಮ್ಮ ಯಜಮಾನರು ಕ್ಷೌರಕ್ಕೆ ಹೋಗಿ ಬರುತ್ತೇನೆ ಎಂದು ಹೊರಟವರು, ಹೋದ ತಲೆಯಲ್ಲೇ ವಾಪಸ್ ಬಂದರು. ಕೇಳಿದ್ದಕ್ಕೆ ಅಂಗಡಿ ತುಂಬಾ ಜನ ಎಂದರು. ನಾನು ಡೈರಿಯಲ್ಲಿ ಅದನ್ನೇ ಬರೆದಿಟ್ಟಿದ್ದೇನೆ.

ಅವರೇ ಓಡಿಸಿದರಾ? ಹೌದು ಅಥವಾ ಇಲ್ಲ ಎಂದು ಬರೆಯಿರಿ.

ಇತಿ,
ಬ್ರೇಕ್ ಮೇಷ್ಟ್ರ ಮನೆಯವರು

೨೭ ಏಪ್ರಿಲ್

ಅಮ್ಮನವರಿಗೆ,

ಹೌದು.

ಇಷ್ಟೇ ಬರೆದು ಲಕೋಟೆ ಅಂಟಿಸಿದ್ದೆ. ಮತ್ತೆ ಒಡೆದೆ. ಮೇಷ್ಟ್ರಿಗೆ ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. "ನಮ್ಮನೆಯವಳಿಗೆ ಗೊತ್ತಾದ್ರೆ ಕಾಯಿಲೆಗಿಂತ ಮುಂಚೆ ಅವಳೇ ನನ್ನನ್ನ ಮುಗಿಸ್ತಾಳೆ" ಎಂದಿದ್ದರು. ನೀವೇ ಕಂಡುಹಿಡಿದ ಮೇಲೆ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಶೋರೂಮಿಗೆ ಬಂದ ಹೊಸ ಗಾಡಿಗಳು ತಾರೀಕು ಬರುವವರೆಗೆ ವಾರಗಟ್ಟಲೆ ಅಂಗಳದಲ್ಲಿ ನಿಲ್ಲುತ್ತವೆ. ನಿಂತಲ್ಲೇ ನಿಂತರೆ ಟೈರಿನ ಅಡಿ ಚಪ್ಪಟೆಯಾಗುತ್ತದೆ. ಅದಕ್ಕೆ ನಾವು ವಾರಕ್ಕೊಮ್ಮೆ ಹೊದಿಕೆ ತೆಗೆದು, ಅಂಗಳದೊಳಗೇ ಒಂದು ಸುತ್ತು ಹೊಡೆಸಿ ಮತ್ತೆ ನಿಲ್ಲಿಸುತ್ತೇವೆ. ಆವತ್ತು ನಿಮ್ಮ ಗಾಡಿಯ ಸರದಿ. ಮೇಷ್ಟ್ರು ಬೇಲಿಯ ಹತ್ತಿರ ನಿಂತಿದ್ದರು.

"ಏನೋ ಲೈಟುಕಂಬ, ಗಾಡಿಗೆ ವ್ಯಾಯಾಮ ಮಾಡಿಸ್ತಿದೀಯಾ?"

"ಹೌದು ಮೇಷ್ಟ್ರೇ. ಸುಮ್ನೆ ನಿಂತ್ರೆ ಕೆಟ್ಟುಹೋಗತ್ತೆ."

"ಮನುಷ್ಯರೂ ಹಂಗೇ ಕಣೋ. ಒಂದು ಸುತ್ತು ನಾನು ಹೊಡೀಲಾ? ಒಳಗೇ."

ಮ್ಯಾನೇಜರು ಬ್ಯಾಂಕಿಗೆ ಹೋಗಿದ್ದರು. ಗೇಟಿನ ತಾತ ಊಟಕ್ಕೆ ಎದ್ದಿದ್ದರು. ಕಣ್ಣು ಕತ್ತಲೆಯ ವಿಷಯ ನನಗೆ ಗೊತ್ತಿರಲಿಲ್ಲ ಅಮ್ಮ, ಆಣೆಗೂ ಗೊತ್ತಿರಲಿಲ್ಲ. ಕಾಯಿಲೆ ಎಂದಷ್ಟೇ ಗೊತ್ತಿತ್ತು. ನಾನು ಪಕ್ಕದಲ್ಲಿ ಕೂತೆ. ಒಂದು ಸುತ್ತು ಹೊಡೆದರು. ಎರಡನೇ ಸುತ್ತಿನಲ್ಲಿ ಗೇಟಿನ ಬಿಳಿ ಗೆರೆಯ ಮೇಲೆ ಮುಂದಿನ ಚಕ್ರ ಸರಿಯಾಗಿ ತಂದು ನಿಲ್ಲಿಸಿದರು.

"ತಾರೀಕಿಗೆ ಇನ್ನೆಷ್ಟು ದಿನ?"

"ಒಂಬತ್ತು ಮೇಷ್ಟ್ರೇ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಬಂದುಬಿಡತ್ತೆ."

"ನೀನು ಇಷ್ಟು ಖಾತ್ರಿಯಾಗಿ ಹೇಳ್ತೀಯ. ಡಾಕ್ಟರು ಹೇಳ್ಲಿಲ್ಲ ನೋಡು."

ಆಗಲೇ ನಾನು ಬೇಡ ಎನ್ನಬೇಕಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಎದುರಿನ ರಸ್ತೆ ನೋಡಿದೆ. ಅದನ್ನೇ ಒಪ್ಪಿಗೆ ಎಂದುಕೊಂಡರು.

ದೊಡ್ಡ ರಸ್ತೆ, ರೈಲ್ವೆ ಗೇಟು, ಅದರಾಚೆ ಕೆಂಪು ಮಣ್ಣಿನ ದಾರಿ, ಕೆರೆ ಏರಿ. ಖಾಲಿ ರಸ್ತೆಯಲ್ಲೂ ತಿರುವಿಗೆ ತಪ್ಪದೆ ದೀಪ ಹಾಕುತ್ತಿದ್ದರು. ನನ್ನ ಬಲಗಾಲು ಅದರಷ್ಟಕ್ಕೆ ನೆಲ ಒತ್ತುತ್ತಿತ್ತು. "ಅಲ್ಲೇನಿದೆ ಅಂತ ಒತ್ತುತಿದೀಯೋ?" ಎಂದರು. "ಏನಿಲ್ಲ ಮೇಷ್ಟ್ರೇ, ಭಯ" ಎಂದೆ. "ಮೂವತ್ತು ವರ್ಷ ಆ ಸೀಟಲ್ಲಿ ನಾನು ಹೆಂಗೆ ಕೂತಿದ್ದೆ ಅಂತ ಈಗ ಗೊತ್ತಾಯ್ತಾ?" ಎಂದರು. ನಾಲ್ಕು ರಸ್ತೆ ಸೇರುವಲ್ಲಿ ಪೊಲೀಸಿನವನು ನಿಂತಿದ್ದ. ನಾನು ಸೀಟಿನಲ್ಲಿ ಕೆಳಕ್ಕೆ ಜಾರಿ ಕೂತೆ. ಅವನೂ ಇವರ ಶಿಷ್ಯನೇ! ನಂಬರು ನೋಡಬೇಕಾದವನು ಮುಖ ನೋಡಿ ಸಲಾಮು ಹೊಡೆದ.

ಕೊನೆಗೆ ಕ್ಷೌರದ ಅಂಗಡಿಯ ಹತ್ತಿರ ಇಳಿದು ನಡೆದುಕೊಂಡು ಹೋದರು. ಗಾಡಿ ಅಂಗಳಕ್ಕೆ ತಂದಾಗ ಮ್ಯಾನೇಜರು ಬಂದು ನಿಂತಿದ್ದರು. ಚಕ್ರದ ತುಂಬ ಕೆಂಪು ಮಣ್ಣು. ನಾನೊಬ್ಬನೇ ಇದ್ದೆ, ಬೈಗುಳ ನನ್ನೊಬ್ಬನಿಗೇ ಸಿಕ್ಕಿತು. ಮೇಷ್ಟ್ರು ಇರುವವರೆಗೆ, ಇದರಿಂದ ನನ್ನ ಕೆಲಸ ಹೋಯಿತೆಂದು ಅವರಿಗೆ ಗೊತ್ತಾಗಬಾರದು ಎಂದುಕೊಂಡೆ. ಆಮೇಲೆ ಅವರೇ ಇರಲಿಲ್ಲ.

ನಿಮ್ಮ,
ಲೈಟುಕಂಬ

೫ ಮೇ

ತಮ್ಮನಿಗೆ,

ನಾನು ನಿನಗೆ ಇನ್ನು ನೀನು ಎಂದೇ ಬರೆಯುತ್ತೇನೆ. ನಮ್ಮವರ ಜೊತೆ ಅಷ್ಟು ದೂರ ಹೋಗಿ ಬಂದವನಿಗೆ ನೀವು ಎನ್ನಲು ಆಗುವುದಿಲ್ಲ.

ಮೊದಲು ನಿನ್ನ ಮೇಲೆ ಕೋಪವಿತ್ತು. ಆ ಕೆರೆ ಏರಿಯ ಮೇಲೆ ಅವರಿಗೆ ಕಣ್ಣು ಕತ್ತಲೆ ಬಂದಿದ್ದರೆ ಏನಾಗುತ್ತಿತ್ತು? ಎದುರಿಗೆ ಮಕ್ಕಳಿದ್ದಿದ್ದರೆ? ಇದನ್ನು ನೆನೆದು ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಈಗ ಅದು ಇಳಿದಿದೆ. ಅದರಡಿಯಲ್ಲಿ ಇನ್ನೊಂದಿತ್ತು, ಅದು ಇಳಿಯುತ್ತಿಲ್ಲ.

ಮೂವತ್ತೈದು ವರ್ಷ ನಾನು ಅವರ ಜೊತೆ ಇದ್ದೆ. ಕೊನೆಯ ತಿಂಗಳು ಅವರು ನಗಲಿಲ್ಲ. ಮಗಳು ತಮಾಷೆ ಮಾಡಿದರೆ ಮುಖ ಗೋಡೆಗೆ ತಿರುಗಿಸಿಕೊಳ್ಳುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಮಾತ್ರೆ, ಬಿಸಿನೀರು, ಒದ್ದೆ ಬಟ್ಟೆ. ನಿನಗೆ ಅವರ ಒಂದು ಒಳ್ಳೆಯ ಮಧ್ಯಾಹ್ನ ಸಿಕ್ಕಿತು. ತಮಾಷೆ ಮಾಡಿದರಂತೆ, ಕೆರೆ ಏರಿಗೆ ಹೋದರಂತೆ. ನನಗೆ ಕ್ಷೌರ ಎಂದು ಹೇಳಿದರು.

ನನ್ನನ್ನು ಯಾಕೆ ಕರೆಯಲಿಲ್ಲ? ಬೇಡ ಎನ್ನುತ್ತಿದ್ದೆ ಎಂದುಕೊಂಡರೇ? ಎನ್ನುತ್ತಿದ್ದೆನೇನೋ. ಆದರೂ ಒಂದು ಮಾತು ಕೇಳಬಹುದಿತ್ತು.

ಮ್ಯಾನೇಜರು ನಿನ್ನೆ ಫೋನ್ ಮಾಡಿದ್ದರು. ಆಮೇಲೆ ಹೇಳುತ್ತೇನೆ ಎಂದು ಇಟ್ಟುಬಿಟ್ಟೆ. ನಿನ್ನ ಪರವಾಗಿ ಮಾತಾಡಬೇಕು ಎಂದು ಬುದ್ಧಿ ಹೇಳುತ್ತದೆ. ಮನಸ್ಸು ಒಪ್ಪುತ್ತಿಲ್ಲ. ನಿನ್ನ ಮಕ್ಕಳ ಮುಖ ನೆನೆದು ಒಪ್ಪಿಸಲು ನೋಡುತ್ತಿದ್ದೇನೆ. ಇದಕ್ಕಿಂತ ಹೆಚ್ಚು ಈಗ ಹೇಳಲಾರೆ.

ಇತಿ,
ಮೇಷ್ಟ್ರ ಮನೆಯವರು

೨ ಜೂನ್

ಅಮ್ಮ,

ನಿಮ್ಮಿಂದ ಮತ್ತೆ ಕಾಗದ ಬರಲಿಲ್ಲ. ಬರಲಿ ಎಂದು ಕಾಯುವ ಹಕ್ಕೂ ನನಗಿಲ್ಲ. ಇದನ್ನು ಕೆಲಸದ ಆಸೆಗೆ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಹೋದ ಸಲ ಒಂದು ಜಾಗ ಬಿಟ್ಟು ಬರೆದಿದ್ದೆ.

ಕೆರೆಯಿಂದ ವಾಪಸ್ ಬರುವಾಗ ಮೇಷ್ಟ್ರು ಶೋರೂಮಿನ ಕಡೆ ತಿರುಗಲಿಲ್ಲ. ನಿಮ್ಮ ಬೀದಿಗೆ ತಂದರು. "ಎಲ್ಲಿಗೆ ಮೇಷ್ಟ್ರೇ?" ಎಂದರೆ "ಅವಳನ್ನ ಹತ್ತಿಸ್ಕೊಳ್ಳೋಣ, ಹಿಂದಿನ ಸೀಟು ಒರೆಸು" ಎಂದರು. ಹಿಂದಿನ ಸೀಟಿಗೆ ಇನ್ನೂ ಪ್ಲಾಸ್ಟಿಕ್ ಹಾಕಿತ್ತು. ಅದನ್ನೇ ಒರೆಸಿದೆ.

ಮೂಲೆಯ ಹಿಟ್ಟಿನ ಗಿರಣಿಯ ಹತ್ತಿರ ನಿಲ್ಲಿಸಿದರು. ನೀವು ಬಾಗಿಲಲ್ಲಿ ನಿಂತು ಎದುರುಮನೆಯ ಅಜ್ಜಿಯ ಜೊತೆ ಮಾತಾಡುತ್ತಿದ್ದಿರಿ. ಹೊದಿಕೆ ಒಣಗಲು ಹಾಕುತ್ತಿದ್ದಿರಿ. "ಕರೀರಿ ಮೇಷ್ಟ್ರೇ" ಎಂದೆ. ಅವರು ಕರೆಯಲಿಲ್ಲ. ಕೈಯ ಹಿಂಭಾಗದಿಂದ ಕಣ್ಣು ಉಜ್ಜಿಕೊಂಡರು. ಮತ್ತೆ ಉಜ್ಜಿಕೊಂಡರು. ಎಂಜಿನ್ ಆಫ್ ಮಾಡಿದರು.

"ಬೇಡ ಬಿಡೋ. ನಂಬರಿಲ್ಲದ ಗಾಡೀಲಿ ಅವಳನ್ನ ಕೂರಿಸ್ಕೊಂಡು ಹೋಗೋದಾ? ಏನಾದ್ರೂ ಆದ್ರೆ ಯಾರ ಹತ್ರ ಏನಂತ ಹೇಳ್ಲಿ? ತಾರೀಕು ಬರ್ಲಿ. ರಾಜಾರೋಷವಾಗಿ ಹೋಗ್ತೀವಿ."

ನಂಬರಿನ ಮಾತನ್ನೇ ಆಡಿದರು. ಕಣ್ಣಿನ ಮಾತು ಆಡಲಿಲ್ಲ. ಆಗ ನನಗೂ ಅರ್ಥವಾಗಲಿಲ್ಲ. ನೀವು ಕಣ್ಣು ಕತ್ತಲೆಯ ವಿಷಯ ಬರೆದ ಮೇಲೆ ಗೊತ್ತಾಯಿತು. ಅಲ್ಲಿಂದ ಮುಂದೆ ನಾನೇ ಓಡಿಸಿದೆ. ಸೀಟು ಹಿಂದಕ್ಕೆ ತಳ್ಳಿಕೊಳ್ಳಲು ಕೈ ಹಾಕಿದೆ, ಪಕ್ಕದಲ್ಲಿ ಅವರು ಕೂತಿದ್ದರು, ಮನಸ್ಸಾಗಲಿಲ್ಲ. ಮಂಡಿ ಕಿವಿಗೆ ತಾಗಿಸಿಕೊಂಡೇ ಅಂಗಳ ಮುಟ್ಟಿದೆ.

ಅವರು ನಿಮ್ಮನ್ನು ಕರೆಯಲು ಬಂದಿದ್ದರು ಅಮ್ಮ. ಇದು ನಿಮಗೆ ಸೇರಬೇಕಾದ ಮಾತು. ಇಷ್ಟು ದಿನ ನನ್ನ ಹತ್ತಿರ ಉಳಿದುಬಿಟ್ಟಿತ್ತು.

ನಿಮ್ಮ,
ಲೈಟುಕಂಬ

೨೪ ಜೂನ್

ತಮ್ಮನಿಗೆ,

ನಿನ್ನೆ ಶೋರೂಮಿಗೆ ಹೋಗಿದ್ದೆ. ಮಗಳೂ ಬಂದಿದ್ದಳು. ದೊಡ್ಡ ಆಫೀಸಿನಿಂದ ಕನ್ನಡಕದ ಒಬ್ಬ ಹೆಂಗಸು ಬಂದಿದ್ದರು, ಮ್ಯಾನೇಜರು ಪಕ್ಕದಲ್ಲಿದ್ದರು. ನಾನು ಹೇಳಿದೆ, "ಗಾಡಿ ಓಡಿಸಿದ್ದು ನಮ್ಮ ಯಜಮಾನ್ರು. ಕೇಳಿದ್ದೂ ಅವರೇ. ಈ ಹುಡುಗ ಗುರುಗಳಿಗೆ ಇಲ್ಲ ಅನ್ನೋಕಾಗದೆ ಕೂತಿದ್ದ."

ಮಗಳು ನನ್ನ ಕಡೆ ತಿರುಗಿದಳು. ಅವಳಿಗೆ ಮುಂಚೆ ಹೇಳಿರಲಿಲ್ಲ. "ಅಪ್ಪ ನನಗೆ ಮಾತು ಕೊಟ್ಟಿದ್ರು" ಎಂದಳು. ಹೌದು ಕಣೆ ಎಂದೆ. ಎದ್ದು ಹೊರಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಗಾಡಿಯೊಳಗೆ ಕೂತು ಸೀಟನ್ನು ಮುಂದಕ್ಕೂ ಹಿಂದಕ್ಕೂ ಎಳೆಯುತ್ತಿದ್ದಳು.

ಕನ್ನಡಕದವರು ಎಲ್ಲ ಬರೆದುಕೊಂಡರು. "ಇದರಿಂದ ಅವನ ತಪ್ಪು ಕಮ್ಮಿ ಆಗಲ್ಲಮ್ಮ, ಕಾಯಿಲೆಯವರ ಕೈಗೆ ಕೊಟ್ಟಿದ್ದು ಇನ್ನೂ ಜಾಸ್ತಿನೇ ಆಯ್ತು" ಎಂದರು. ನಿಜ ಎಂದೆ. ಆದರೆ ಶೋಕಿಗೆ ಕದ್ದು ಓಡಿಸಿದ ಅನ್ನೋದು ಹೋಯ್ತಲ್ಲ ಎಂದೆ. ಇಬ್ಬರೂ ಒಳಗೆ ಹೋಗಿ ಮಾತಾಡಿಕೊಂಡು ಬಂದರು. ನಿನ್ನನ್ನು ವಾಪಸ್ ತೆಗೆದುಕೊಳ್ಳುತ್ತಾರೆ. ಒಂದು ವರ್ಷ ನಿನ್ನ ಕೈಗೆ ಕೀಲಿ ಕೊಡುವುದಿಲ್ಲ. ಗಾಡಿ ತೊಳೆಯುವ ಕೆಲಸ. ಒಪ್ಪಿಗೆಯಾದರೆ ಸೋಮವಾರ ಬಾ.

ಹೊರಡುವಾಗ ಮ್ಯಾನೇಜರು ಬಾಗಿಲವರೆಗೆ ಬಂದರು. ಕೆಟ್ಟ ಮನುಷ್ಯರಲ್ಲ. "ಒಂದು ಕೇಳ್ಲಾ ಅಮ್ಮ? ಕಾದಿದ್ದೇ ಕಾದಿದ್ರು, ಇನ್ನೊಂದು ವಾರ ತಡೆಯೋಕೆ ಆಗ್ಲಿಲ್ವಾ? ಏನು ಅವಸರ ಇತ್ತು?" ಎಂದರು. ಕೇಳಿದ ಮೇಲೆ ಅವರಿಗೇ ಗೊತ್ತಾಗಿ ನಾಲಿಗೆ ಕಚ್ಚಿಕೊಂಡರು.

ಆ ಮಾತು ಕೇಳಿದ ಮೇಲೆ ನನಗೆ ಒಂದು ನೆನಪಾಯಿತು.

ಗಿರಣಿಯ ಹತ್ತಿರ ನಿಂತಿದ್ದ ಆ ಗಾಡಿಯನ್ನು ನಾನು ನೋಡಿದ್ದೆ. ಬಿಸಿಲು ಮುಂದಿನ ಗಾಜಿನ ಮೇಲೆ ಬಿದ್ದು ಒಳಗೆ ಯಾರಿದ್ದಾರೆಂದು ಕಾಣುತ್ತಿರಲಿಲ್ಲ. ನಮ್ಮ ಗಾಡಿಯ ಬಣ್ಣವೇ, ಆದರೆ ನಮ್ಮದು ಅಂಗಳದಲ್ಲಿದೆ ಎಂದು ನನಗೆ ಗೊತ್ತಿತ್ತಲ್ಲ. ಮುಂದೆ ನಂಬರಿರುವ ಜಾಗ ಖಾಲಿ ಇತ್ತು. ಎದುರುಮನೆಯ ಅಜ್ಜಿಗೆ ಕಿವಿ ದೂರ, ಅವರಿಗೆ ಹೇಳಬೇಕೆಂದರೆ ಕೂಗಿಯೇ ಹೇಳಬೇಕು. ನಾನು ಕೂಗಿ ಹೇಳಿದೆ. "ನೋಡಿ ಅಜ್ಜಿ ಜನರ ಶೋಕಿನ! ನಂಬರು ಬರೋವರೆಗೂ ತಡೆಯೋಕಾಗಲ್ಲ. ನಮ್ಮನೆಯವರು ಸುಮ್ನೆ ಕಾಯ್ತಿಲ್ವಾ? ಏನು, ಅಷ್ಟರೊಳಗೆ ಪ್ರಾಣ ಹೋಗಿಬಿಡತ್ತಾ ಇವರದ್ದು?"

ಅಜ್ಜಿ ನಕ್ಕರು. ನಾನು ಒಳಗೆ ಬಂದೆ.

ತಮ್ಮ, ಕೆಲಸದ ವಿಷಯ ಆಮೇಲೆ ಬರೆ. ಮೊದಲು ಇದೊಂದು ತಿಳಿಸು. ಗಾಡಿಯ ಬಾಗಿಲಿನ ಗಾಜು ಏರಿಸಿತ್ತೋ ಇಳಿಸಿತ್ತೋ?

ಇತಿ,
ನಿನ್ನ ಅಕ್ಕ ಎಂದುಕೋ

೨೮ ಜೂನ್

ಅಕ್ಕ,

ಸೋಮವಾರ ಬರುತ್ತೇನೆ. ಗಾಡಿ ತೊಳೆಯುವುದಕ್ಕೆ ಒಪ್ಪಿಗೆ ಇದೆ, ಚಿಕ್ಕವಳಿಗೆ ಫೋನಿನಲ್ಲಿ ಹೇಳಿದೆ, ಅವಳು ಸೋಪಿನ ನೊರೆ ಎಷ್ಟು ಬರುತ್ತದೆ ಎಂದು ಕೇಳಿದಳು.

ನೀವು ಕೇಳಿದ್ದಕ್ಕೆ, ಏರಿಸಿತ್ತು ಎಂದು ಬರೆದು ಒಂದು ಹಾಳೆ ಹರಿದು ಹಾಕಿದೆ. ಇಳಿಸಿತ್ತು ಅಕ್ಕ. ಎರಡೂ ಕಡೆ ಇಳಿಸಿತ್ತು. ಒಂದಕ್ಷರ ಬಿಡದೆ ಕೇಳಿಸಿತು.

ನಾನು ಅವರ ಮುಖ ನೋಡಲಾರದೆ ಗಿರಣಿಯ ಬೋರ್ಡು ನೋಡುತ್ತಾ ಕೂತಿದ್ದೆ. ಪಕ್ಕದಲ್ಲಿ ಏನೋ ಅಲುಗಿದ ಹಾಗಾಯಿತು. ಅಳುತ್ತಿದ್ದಾರೆ ಎಂದುಕೊಂಡು ತಿರುಗಿದೆ. ಮೇಷ್ಟ್ರು ನಗುತ್ತಿದ್ದರು. ನಿಮಗೆ ಕೇಳಿಸಬಾರದು ಎಂದು ಬಾಯಿಗೆ ತೋಳು ಒತ್ತಿಕೊಂಡು, ಭುಜ ಕುಲುಕಿಸಿಕೊಂಡು ನಗುತ್ತಿದ್ದರು. "ನೋಡಿದ್ಯೇನೋ, ಯಾರು ಅಂತ ಗೊತ್ತಿಲ್ದೇನೂ ನನಗೇ ಬೈತಿದಾಳೆ" ಎಂದರು.

ಮ್ಯಾನೇಜರು ಬರುವ ಹೊತ್ತಾಯಿತು, ಹೊರಡೋಣ ಮೇಷ್ಟ್ರೇ ಎಂದೆ. ಕೈ ಎತ್ತಿ ತಡೆದರು.

"ಇರೋ, ಸ್ವಲ್ಪ ಹೊತ್ತು. ಇನ್ನೂ ಏನಾದ್ರೂ ಅಂತಾಳೇನೋ ಕೇಳೋಣ."

ನಿಮ್ಮ ತಮ್ಮ,
ಲೈಟುಕಂಬ